ನಾಲ್ಕನೆಯ ತಾಸು

ಮುಂಡರಗಿ
26 ಡಿಸೆಂಬರ್ 2023

ಶಾನವಾಜ,

ಹನ್ನೆರಡು ದಿನ ಆಯಿತು, ನಿನ್ನ ಹಾಳೆ ಬಂದಿಲ್ಲ. ಬೆಳ್ಳಟ್ಟಿಯಿಂದ ಚಕ್ಕಡಿಯಲ್ಲಿ ಟಪಾಲು ಹೊರಟಿದ್ದರೂ ಇಷ್ಟೊತ್ತಿಗೆ ಮುಂಡರಗಿ ಮುಟ್ಟಬೇಕಿತ್ತು. "ಫೋನ್ ಹಚ್ಚಿ ಕೇಳ್ರಿ ಅಕ್ಕೋರ" ಎಂದು ಕೆಳಗಿನ ಮನೆಯ ಗದಿಗೆವ್ವ ದಿನಾ ಹೇಳುತ್ತಾಳೆ. ಫೋನಿನಲ್ಲಿ ನನಗೇನು ಕೇಳಿಸುತ್ತದೆ? ಶಾಲೆಯಿಂದ ನಾನು ನಿವೃತ್ತಳಾದ ವರ್ಷವೇ ನನ್ನ ಕಿವಿಗಳೂ ನಿವೃತ್ತಿ ತೆಗೆದುಕೊಂಡವು. ಕೇಳಿಸಿದರೂ ನಾನು ಫೋನು ಮಾಡುವುದಿಲ್ಲ. ನನ್ನ ಉಲ್ಕೆಗಳ ಎಣಿಕೆ ಕೇಳಿದರೆ ನಿನ್ನ ಎಣಿಕೆ ಅದರ ಹಿಂದೆ ಬಾಲ ಆಡಿಸುತ್ತ ಬರುತ್ತದೆ. ನೀನು ನಿನ್ನ ಮಾಳಿಗೆಯ ಮೇಲೆ, ನಾನು ನನ್ನ ಮಾಳಿಗೆಯ ಮೇಲೆ, ಇಬ್ಬರದೂ ಕಾಗದದಲ್ಲಿ. ಹನ್ನೊಂದು ವರ್ಷ ಹೀಗೇ ನಡೆದಿದೆ.

ಈ ಪತ್ರದೊಳಗೆ ಇನ್ನೊಂದು ಲಕೋಟೆ ಇದೆ. ಅದರಲ್ಲಿ ನನ್ನ ಹಾಳೆ. ನಿನ್ನದನ್ನು ಟಪಾಲು ಡಬ್ಬಿಗೆ ಹಾಕುವವರೆಗೆ ಒಡೆಯಬೇಡ. ಇಷ್ಟು ಮಾತ್ರ ಹೇಳುತ್ತೇನೆ: ಇಂಥ ರಾತ್ರಿ ನಾನು ಕಂಡಿರಲಿಲ್ಲ. ಅಮಾವಾಸ್ಯೆ ಕಳೆದು ಎರಡೇ ದಿನ, ಚಂದ್ರನ ಕಾಟವಿಲ್ಲ. ಕಪ್ಪತಗುಡ್ಡದ ಮೇಲಿನ ಗಾಳಿಗಿರಣಿಗಳ ಕೆಂಪು ದೀಪ ಬಿಟ್ಟರೆ ಎಲ್ಲ ಕತ್ತಲೆ. ಮಿಥುನ ರಾಶಿ ನೆತ್ತಿಗೆ ಬರುವ ಹೊತ್ತಿಗೆ ಉಲ್ಕೆಗಳು ಜೋಡಿ ಜೋಡಿ ಬೀಳತೊಡಗಿದವು. ನೀನು ತುಂಬಿ ಕೊಟ್ಟ ಗಾದಿ ಇನ್ನೂ ಬೆಚ್ಚಗಿದೆ. ಗಾದಿ ಹೊಲಿಯುವವನಿಗೆ ಗಣಿತ ಕಲಿಸಿದ್ದಕ್ಕೆ ನನಗೆ ಸಿಕ್ಕ ಲಾಭ ಅದೊಂದೇ.

ನೀನು ಈ ಸಲವೂ ಮನೆಯ ಫ್ಯೂಜ್ ಕಿತ್ತು ಕಿಸೆಗೆ ಹಾಕಿಕೊಂಡೇ ಮೇಲೆ ಹತ್ತಿದ್ದೀ ತಾನೆ? ಒಳ್ಳೆಯ ಉಪಾಯ. ಯಾರೋ ಅಡಿಗೆಮನೆಯ ದೀಪ ಹಚ್ಚಿದರೆ ಕಣ್ಣು ಕತ್ತಲೆಗೆ ಮತ್ತೆ ಒಗ್ಗಲು ಅರ್ಧ ತಾಸು ಬೇಕು. ಮತ್ತೆ, ತಾಸಿನ ನಡುವೆ ಏಳಲಿಲ್ಲ ತಾನೆ? 2020ರ ಕಥೆ ಮಾಡಬೇಡ. ಹತ್ತು ವರ್ಷಕ್ಕೊಮ್ಮೆ ಸಿಗುವ ಕತ್ತಲೆ ಅದು. ಕೆಳಗೆ ಏನೋ ಸಪ್ಪಳವಾಯಿತೆಂದು ನೀನು ಓಡಿ ಇಳಿದೆ, ನೋಡಿದರೆ ಬೆಕ್ಕು ನೀರಿನ ಚರಿಗೆ ಉರುಳಿಸಿತ್ತು. ನಾನು ಆ ತಾಸನ್ನೇ ಹೊಡೆದುಹಾಕಿದೆ. ಹಾಗೆ ಮಾಡದಿದ್ದರೆ ನಿನಗೆ ಬುದ್ಧಿ ಬರುತ್ತಿರಲಿಲ್ಲ.

ನಿನ್ನವ್ವ ಅಮೀನಬಿಗೆ ನನ್ನ ನೆನಪು ಹೇಳು. ಶೇಂಗಾ ಚಟ್ನಿ ತೀರಿ ತಿಂಗಳಾಯಿತು ಎಂದೂ ಹೇಳು. ಅವಳ ಸೊಸೆ ಅಮೀರಾಳಿಗೆ ಆಶೀರ್ವಾದ.

ನಿನ್ನ ಹಾಳೆಯ ದಾರಿ ನೋಡುತ್ತಿರುವ,
ಶಾಂಭವಿ ಅಕ್ಕೋರು


ಬೆಳ್ಳಟ್ಟಿ
28 ಜನವರಿ 2024

ಅಕ್ಕೋರಿಗೆ ಶಾನವಾಜನ ನಮಸ್ಕಾರಗಳು.

ಅವ್ವ ಹೋದಳು. ಡಿಸೆಂಬರ್ ಹದಿನೈದು, ಶುಕ್ರವಾರ, ಮಧ್ಯಾಹ್ನದ ನಮಾಜಿನ ಹೊತ್ತಿಗೆ, ಗದಗಿನ ಆಸ್ಪತ್ರೆಯಲ್ಲಿ. ನಲವತ್ತನೆಯ ದಿನದ ಕಾರ್ಯ ಮೊನ್ನೆ ಮುಗಿಯಿತು. ಅದಕ್ಕೆ ಮೊದಲು ಬರೆಯಲು ಕೈ ಬರಲಿಲ್ಲ. ಕ್ಷಮಿಸಬೇಕು.

ನಾವು ಎಣಿಸಿದ ಅದೇ ರಾತ್ರಿ ಅವ್ವ ಬಚ್ಚಲಿಗೆಂದು ಎದ್ದಿದ್ದಾಳೆ. ಕೈಯಲ್ಲಿ ಚರಿಗೆ ಇತ್ತು. ಪಡಸಾಲೆಯ ಕಟ್ಟೆ ಇಳಿಯುವಾಗ ಕಾಲು ತಪ್ಪಿದೆ. ಕೆಳಗೆ ಒರಳುಕಲ್ಲು, ನಿಮಗೆ ಚಟ್ನಿ ಕುಟ್ಟುತ್ತಿದ್ದುದು ಅದರಲ್ಲೇ. ತಲೆ ಅದಕ್ಕೆ ಬಡಿದಿದೆ. ಬೆಳಗಿನ ಐದಕ್ಕೆ ಅಮೀರಾ ಎದ್ದು ನೋಡಿದಾಗ ಇನ್ನೂ ಉಸಿರು ಇತ್ತು. "ಎರಡ ತಾಸು ಮೊದಲ ತಂದಿದ್ರ ನೋಡಬಹುದಿತ್ತು" ಎಂದರು ಡಾಕ್ಟರು.

ಅಮೀರಾ ಅವ್ವನ ಮಗ್ಗುಲಲ್ಲೇ ಮಲಗಿದ್ದಳು. ಅವಳಿಗೆ ಜ್ವರ ಬಂದಿತ್ತು, ಗುಳಿಗೆ ನುಂಗಿದ್ದಳು, ಎಚ್ಚರ ಆಗಲಿಲ್ಲ. ನಾನು ಮಾಳಿಗೆಯ ಮೇಲೆ ಇದ್ದೆ. ನನಗೂ ಏನೂ ಕೇಳಿಸಲಿಲ್ಲ. ಮಣ್ಣು ಕೊಟ್ಟು ಬಂದ ಸಂಜೆ ಖಾಸಿಂಸಾಬ ಕಾಕಾ ಎಲ್ಲರ ಮುಂದೆ ಅಂದುಬಿಟ್ಟರು: "ಮನಿ ಹೆಣ್ಮಗಳ ಕಿವಿ ಎಚ್ಚರ ಇರಬೇಕು. ಅತ್ತಿ ಮಗ್ಗಲದಾಗ ಸಾಯಾಕತ್ತಿದ್ರ ಈಕಿ ಗೊರಕಿ ಹೊಡೀತಿದ್ಲು." ಆಮೇಲೆ ಅದೇ ಮಾತು ಓಣಿ ತುಂಬ ಆಯಿತು. ಅಮೀರಾಳ ಅಣ್ಣ ಇಜಾಜ ಬಂದು ಡಂಬಳಕ್ಕೆ ಕರೆದುಕೊಂಡು ಹೋಗಿದ್ದಾನೆ. ಸ್ವಲ್ಪ ದಿನ ತವರಿನಲ್ಲಿ ಇದ್ದು ಬರಲಿ ಎಂದು ನಾನೂ ಸುಮ್ಮನಾದೆ.

ಹಾಳೆ ಇದರ ಜೊತೆಗಿದೆ. ಉಳಿದ ತಾಸುಗಳು ಸರಿ ಇವೆ. ನಾಲ್ಕನೆಯದು, ಎರಡರಿಂದ ಮೂರು, ಹೊಡೆದುಹಾಕಿಬಿಡಿ. ಆ ಹೊತ್ತಿಗೆ ನನಗೆ ನಿದ್ದೆ ಹತ್ತಿತ್ತು.

ನಿಮ್ಮ ಲಕೋಟೆ ಒಡೆದಿಲ್ಲ.

ಇಂತಿ,
ಶಾನವಾಜ


ಮುಂಡರಗಿ
6 ಫೆಬ್ರವರಿ 2024

ಶಾನವಾಜ,

ಅಮೀನಬಿ ಇಲ್ಲ ಎಂಬುದನ್ನು ಇನ್ನೂ ನನ್ನ ಮನಸ್ಸು ಒಪ್ಪುತ್ತಿಲ್ಲ. ನಿನ್ನನ್ನು ಏಳನೆಯ ಇಯತ್ತೆಗೇ ಶಾಲೆ ಬಿಡಿಸಿ ಗಾದಿ ಅಂಗಡಿಗೆ ಹಾಕುತ್ತೇನೆಂದು ನಿನ್ನಪ್ಪ ಹಟ ಹಿಡಿದಾಗ, ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡು ಶಾಲೆಗೆ ಬಂದು ನನ್ನ ಮೇಜಿನ ಮೇಲೆ ಸುರಿದವಳು ಅವಳು. "ಅಕ್ಕೋರ, ಇದನ್ನ ತಿನ್ರಿ, ಇಂವಗ ನಾಕು ಅಕ್ಷರ ಹೆಚ್ಚಿಗಿ ತಿನ್ಸ್ರಿ" ಎಂದಿದ್ದಳು. ನಾವು ಆಕಾಶದ ಚಿಕ್ಕಿ ಎಣಿಸುತ್ತೇವೆಂದು ಗೊತ್ತಾದಾಗ "ಎಣಿಸಬ್ಯಾಡ್ರಿ, ಮೈತುಂಬ ನರೂಲಿ ಏಳ್ತಾವ" ಎಂದು ಬೈದಿದ್ದಳು. ನಿನ್ನ ಪತ್ರ ಓದಿದ ಮೇಲೆ ಎರಡು ದಿನ ನನಗೆ ಅನ್ನ ರುಚಿಸಲಿಲ್ಲ.

ಆದರೆ ಹಾಳೆಯ ಮಾತು ಆಡಲೇಬೇಕು. ಪ್ರತಿ ವರ್ಷ ನೀನು ತಿದ್ದಿ ಬರೆದ ಪ್ರತಿ ಕಳಿಸುತ್ತಿದ್ದೆ. ಈ ಸಲ ಕತ್ತಲಲ್ಲಿ, ಆಕಾಶದಿಂದ ಕಣ್ಣು ತೆಗೆಯದೆ, ಪೆನ್ಸಿಲಿನಲ್ಲಿ ಗೀಚಿದ ಹಾಳೆಯನ್ನೇ ಕಳಿಸಿದ್ದೀ. ಸಾಲುಗಳು ಒಂದರ ಮೇಲೊಂದು ಹತ್ತಿವೆ. ಓದಲು ನನಗೆ ಭೂತಗನ್ನಡಿ ಬೇಕಾಯಿತು. ಎರಡು ಗಂಟೆ ಹದಿನೆಂಟು ನಿಮಿಷದ ಎದುರಿಗೆ ಹೀಗಿದೆ: "ಚರಿಗೆ ಬಿದ್ದ ಸಪ್ಪಳ. ಬೆಕ್ಕು." ಅದರ ಮುಂದೆ ಮೂರು ಗಂಟೆಯವರೆಗೆ ಗೀಟುಗಳು. ಎಣಿಸಿದೆ. ಅರವತ್ತೊಂದು. ಆ ತಾಸಿನ ಒಟ್ಟು ಎಂಬತ್ತೆಂಟು. ವಿರಾಮದ ಕಾಲಮ್ಮಿನಲ್ಲಿ ಸೊನ್ನೆ.

ನಿದ್ದೆ ಹತ್ತಿದವನು ಅರವತ್ತೊಂದು ಉಲ್ಕೆ ಎಣಿಸುವುದಿಲ್ಲ, ಶಾನವಾಜ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ನೀನು ಈ ಹಾಳೆಯನ್ನು ಹರಿದು ಒಲೆಗೆ ಹಾಕಬಹುದಿತ್ತು. ಹಾಕದೆ ನನಗೆ ಕಳಿಸಿದೆ. ಯಾಕೆ ಕಳಿಸಿದೆ ಎಂದು ನಿನಗೇ ಗೊತ್ತಿರಬೇಕು.

ಇನ್ನು ನನ್ನ ಮಾತು. 2020ರ ನಿನ್ನ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು, "ಬೆಕ್ಕಿಗಾಗಿ ಎದ್ದವನ ತಾಸು ಲೆಕ್ಕಕ್ಕಿಲ್ಲ" ಎಂದು ಬರೆದು ವಾಪಸು ಕಳಿಸಿದವಳು ನಾನು. ಬರೆಯುವಾಗ ನನಗೆ ನಗು ಬಂದಿತ್ತು. ಮೊನ್ನೆ ಭೂತಗನ್ನಡಿಯ ಕೆಳಗೆ ನಿನ್ನ "ಬೆಕ್ಕು" ಎಂಬ ಶಬ್ದ ಕಂಡಾಗ ನನ್ನ ಕೈಬರಹವನ್ನೇ ಕಂಡಂತಾಯಿತು. ಹೆದರಿಕೆಯಾಯಿತು. ಅಮೀನಬಿಯ ಸಾವಿನಲ್ಲಿ ನನ್ನ ಪಾಲು ಇದೆ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನನ್ನ ಪ್ರಶ್ನೆ ಒಂದೇ: ಅಮೀರಾಳಿಗೆ ಇದು ಗೊತ್ತೇ?

ಶಾಂಭವಿ


ಬೆಳ್ಳಟ್ಟಿ
3 ಮಾರ್ಚ್ 2024

ಅಕ್ಕೋರಿಗೆ,

ಗೊತ್ತಿಲ್ಲ.

ನಿಮಗೆ ಸುಳ್ಳು ಬರೆದೆ. ನಿಮ್ಮೊಬ್ಬರಿಗಾದರೂ ಖರೆ ಹೇಳುತ್ತೇನೆ. ಸಪ್ಪಳ ಕೇಳಿತು. ಚರಿಗೆಯದೇ. ಎದ್ದು ಕುಳಿತೆ ಕೂಡ. ಗೋಡೆಗೆ ಅಂಟಿಸಿದ ಆ ಕೆಂಪು ಗೀಟಿನ ಹಾಳೆ ನೆನಪಾಯಿತು. ಅದನ್ನು ನಾನು ಅಂಗಡಿಯಲ್ಲಿ ಅಂಟಿಸಿಕೊಂಡಿದ್ದೆ, ಅಕ್ಕೋರೆ. ಬಂದ ಗಿರಾಕಿಗೆಲ್ಲ ತೋರಿಸಿ "ನಮ್ಮ ಅಕ್ಕೋರು ಇನ್ನೂ ಬೈತಾರ ನೋಡ್ರಿ" ಎಂದು ನಗುತ್ತಿದ್ದೆ. ಈ ಸಲ ಬೈಸಿಕೊಳ್ಳಬಾರದು ಅನ್ನಿಸಿತು. ಕಿವಿ ಕೊಟ್ಟೆ. ಮತ್ತೇನೂ ಸಪ್ಪಳ ಇಲ್ಲ. ಮಲಗಿಬಿಟ್ಟೆ.

ಅವ್ವ ಕೂಗಲಿಲ್ಲ. ಕೂಗಿದ್ದರೆ ಇಳಿಯುತ್ತಿದ್ದೆ. ಇದನ್ನು ದಿನಕ್ಕೆ ನೂರು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೂರು ಹೊಡೆದಾಗ ಬೆರಳು ಹಚ್ಚಿ ಗೀಟುಗಳನ್ನು ಎಣಿಸಿದೆ. ಎಂಬತ್ತೆಂಟು. ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರಲ್ಲಿ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಖುಷಿಯಾಯಿತು ನನಗೆ. ನಿಮ್ಮ ಮುಖ ನೆನೆಸಿಕೊಂಡು ಒಬ್ಬನೇ ನಕ್ಕೆ. ಅವ್ವ ಕೆಳಗೆ ಕಲ್ಲಿನ ಮಗ್ಗುಲಲ್ಲಿ ಬಿದ್ದಿದ್ದಳು, ಫ್ಯೂಜ್ ನನ್ನ ಕಿಸೆಯಲ್ಲಿತ್ತು, ನಾನು ನಗುತ್ತಿದ್ದೆ.

ಬೆಳಿಗ್ಗೆ ಇಜಾಜ ಕೇಳಿದ, "ನಿನಗೇನೂ ಕೇಳಿಸಲಿಲ್ಲೇನೋ ಭಾವಾ?" ಇಲ್ಲ ಎಂದು ಬಾಯಿ ತಾನೇ ಅಂದುಬಿಟ್ಟಿತು. ಆಗ ಅಂದದ್ದನ್ನು ಈಗ ಹೇಗೆ ನುಂಗಲಿ? ಮಾತು ಆಡಿದರೆ ಹೋಯಿತು ಎಂದು ನೀವೇ ಶಾಲೆಯ ಕರಿಫಳಿಯ ಮೇಲೆ ಬರೆಯುತ್ತಿದ್ದಿರಿ. ಅಮೀರಾ ಎರಡು ಸಲ ಫೋನು ಮಾಡಿದ್ದಳು. ಪ್ರತಿ ಸಲವೂ ಒಂದೇ ಮಾತು: "ನಾ ಯಾಕ ಏಳಲಿಲ್ಲ? ಅತ್ತಿ ಏಳೋ ಸಪ್ಪಳಕ್ಕ ಹನ್ನೆರಡು ವರ್ಷ ಎದ್ದಾಕಿ, ಅವತ್ತ ಯಾಕ ಏಳಲಿಲ್ಲ?" ನಾನು "ಇರಲಿ ಬಿಡು" ಎಂದೆ. ಅವಳನ್ನು ಕ್ಷಮಿಸಿದವನ ಹಾಗೆ ಅಂದೆ. ಈಗ ಅವಳ ಫೋನು ಬಂದರೆ ಎತ್ತುವುದಿಲ್ಲ.

ಹಾಳೆ ಸುಟ್ಟುಬಿಡಿ. ನಿಮ್ಮ ಕಾಲು ಹಿಡಿಯುತ್ತೇನೆ.

ಶಾನವಾಜ


ಮುಂಡರಗಿ
14 ಆಗಸ್ಟ್ 2024

ಶಾನವಾಜ,

ಆಗಸ್ಟಿನ ಉಲ್ಕೆಮಳೆಗೆ ಎಂದಿನಂತೆ ಮೋಡವೇ ಗತಿ. ನಾನು ಮೇಲೆ ಹೋಗಲೂ ಇಲ್ಲ.

ಹಾಳೆ ಸುಟ್ಟಿಲ್ಲ. ನಮ್ಮ ಎಣಿಕೆಗಳನ್ನು ಪ್ರತಿ ವರ್ಷ ಕಳಿಸುವ ಖಗೋಳ ಸಂಘಕ್ಕೂ ಕಳಿಸಿಲ್ಲ. ಅದು ನನ್ನ ಟ್ರಂಕಿನಲ್ಲಿದೆ. ಐದು ತಿಂಗಳಿಂದ ನಿನ್ನ ಪತ್ರಕ್ಕೆ ಕಾದೆ. ಡಂಬಳಕ್ಕೆ ಹೋಗಿ ಬಂದೆ ಎಂಬ ಒಂದು ಸಾಲಿಗಾಗಿ ಕಾದೆ. ನೀನು ಬರೆಯಲಿಲ್ಲ. ನಾನೂ ಬರೆಯಲಿಲ್ಲ. ನಿನ್ನನ್ನು ದೂರುವ ಮೊದಲು ನನ್ನನ್ನೂ ದೂರಿಕೊಳ್ಳಬೇಕು. ನಿನ್ನ ಸುಳ್ಳು ಉಳಿದರೆ ನನ್ನ ಕೆಂಪು ಗೀಟೂ ಮುಚ್ಚಿ ಹೋಗುತ್ತದೆ ಎಂಬ ಆಸೆ ನನಗೂ ಇತ್ತು.

ಕಳೆದ ವಾರ ಗದಿಗೆವ್ವ ಡಂಬಳದ ತನ್ನ ಬೀಗರ ಮನೆಗೆ ಹೋಗಿ ಬಂದಳು. ನನ್ನ ಕಿವಿಯ ಹತ್ತಿರ ಬಾಯಿಟ್ಟು, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು: "ಅಕ್ಕೋರ, ನಿಮ್ಮ ಬೆಳ್ಳಟ್ಟಿ ಹುಡುಗನ ಹೇಣ್ತಿ, ಪಾಪ, ರಾತ್ರಿ ಮಲಗಂಗೇ ಇಲ್ಲಂತ್ರಿ! ಗೋಡಿಗೆ ಒರಗಿ ಕುಂತ ಬೆಳಕ ಹರಿಸ್ತಾಳಂತ! ಓಣ್ಯಾಗ ಆಕಿಗೆ ಏನಂತ ಕರೀತಾರ ಗೊತ್ತೈತೇನ್ರಿ? ನಿದ್ದಿಗೇಡಿ ಅಂತ!" ನನಗೆ ಯಾವ ಸದ್ದೂ ಸರಿಯಾಗಿ ಕೇಳಿಸುವುದಿಲ್ಲ, ಇದು ಮಾತ್ರ ಪೂರ್ತಿ ಕೇಳಿಸಿತು.

ಒಬ್ಬಳು ಹೆಣ್ಣುಮಗಳು ಮಾಡದ ತಪ್ಪಿಗೆ ನಿದ್ದೆ ಬಿಟ್ಟು ಕುಳಿತಿದ್ದಾಳೆ. ನೀನು ಹೋಗಿ ಹೇಳು. ದೀಪಾವಳಿಯವರೆಗೆ ನೋಡುತ್ತೇನೆ. ಆಮೇಲೆ ಹಾಳೆ ಅವಳ ಕೈಗೆ ಹೋಗುತ್ತದೆ.

ನೀನು ನನ್ನ ಮೇಲೆ ಸಿಟ್ಟಾಗು, ಪರವಾಗಿಲ್ಲ.

ಶಾಂಭವಿ


ಮುಂಡರಗಿ
20 ನವೆಂಬರ್ 2024

ಅಮೀರಾಳಿಗೆ,

ನಾನು ಶಾಂಭವಿ, ನಿನ್ನ ಗಂಡನಿಗೆ ಕಲಿಸಿದ ಅಕ್ಕೋರು. ನಿಮ್ಮ ಮನೆಗೆ ಬಂದಾಗಲೆಲ್ಲ ನಿನ್ನ ಕೈಯ ಚಹಾ ಕುಡಿದಿದ್ದೇನೆ. ನಿನ್ನ ಜೊತೆ ನಾಲ್ಕು ಮಾತು ಆಡಿದ್ದು ಮಾತ್ರ ನೆನಪಿಲ್ಲ. ನಾನು ಬಂದರೆ ನಮ್ಮದೆಲ್ಲ ಆಕಾಶದ ಮಾತು.

ಇದರ ಜೊತೆಗಿರುವ ಹಾಳೆ ಶಾನವಾಜ ಆ ರಾತ್ರಿ ಮಾಳಿಗೆಯ ಮೇಲೆ ಬರೆದದ್ದು. ಎಡಗಡೆಯದು ವೇಳೆ. ಒಂದೊಂದು ಗೀಟು ಒಂದೊಂದು ಉಲ್ಕೆ. ಬಲಗಡೆಯ ಕಾಲಮ್ಮು ವಿರಾಮದ್ದು: ಆಕಾಶದಿಂದ ಕಣ್ಣು ತೆಗೆದರೆ, ಎದ್ದರೆ, ಎಷ್ಟು ನಿಮಿಷ, ಯಾಕೆ ಎಂದು ಅಲ್ಲಿ ಬರೆಯಬೇಕು. ಎರಡು ಗಂಟೆ ಹದಿನೆಂಟರ ಎದುರಿಗೆ ಏನಿದೆ ನೋಡು. ಆಮೇಲೆ ಬಲಗಡೆ ನೋಡು.

ಸಪ್ಪಳ ಅವನಿಗೆ ಕೇಳಿಸಿತ್ತು. ಬೆಕ್ಕು ಅಂದುಕೊಂಡು ಏಳಲಿಲ್ಲ. ಬೆಕ್ಕು ಅಂದುಕೊಳ್ಳುವಂತೆ ಮಾಡಿದ್ದು ನಾನು. ಮೂರು ವರ್ಷ ಮೊದಲು ಅಂಥದೇ ಸಪ್ಪಳಕ್ಕೆ ಎದ್ದಿದ್ದಕ್ಕೆ ಅವನನ್ನು ಹಂಗಿಸಿ ಅವನ ಒಂದು ತಾಸು ರದ್ದು ಮಾಡಿದ್ದೆ. ಆ ಹಾಳೆ ನಿಮ್ಮ ಅಂಗಡಿಯ ಗೋಡೆಯ ಮೇಲೆ ಇತ್ತಂತೆ, ನೀನೂ ನೋಡಿರಬಹುದು. ಮನೆಯಲ್ಲಿ ದೀಪ ಬೇಡ ಎಂದು ಕಲಿಸಿದವಳೂ ನಾನೇ. ನೀನು ಜ್ವರದಲ್ಲಿ ಮಲಗಿದ್ದೆ. ನಿನ್ನದೇನೂ ತಪ್ಪಿಲ್ಲ.

ಫೆಬ್ರವರಿಯಲ್ಲೇ ಇದು ನನ್ನ ಕೈ ಸೇರಿತ್ತು, ಇಷ್ಟು ದಿನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ಇದನ್ನು ಕೈಯಾರೆ ತಂದು ಕೊಡಬೇಕಿತ್ತು. ಮೂರು ಸಲ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಡಂಬಳದ ಬಸ್ಸು ಬಂತು, ಹೋಯಿತು. ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ. ರಜಿಸ್ಟರ್ ಟಪಾಲಿನಲ್ಲಿ ಕಳಿಸುತ್ತಿದ್ದೇನೆ.

ಇದನ್ನು ಏನು ಮಾಡಬೇಕೆಂಬುದು ನಿನಗೆ ಬಿಟ್ಟದ್ದು.

ನಿನ್ನ ಕ್ಷಮೆ ಕೇಳಲೂ ನಾಚುವ,
ಶಾಂಭವಿ


ಡಂಬಳ
12 ಜನವರಿ 2025

ಶಾಂಭವಿ ಅಕ್ಕೋರಿಗೆ ಅಮೀರಾ ಮಾಡುವ ನಮಸ್ಕಾರ.

ಹಾಳೆ ಮುಟ್ಟಿತು. ನಾನು ಎಂಟನೆಯ ಇಯತ್ತೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಮೊದಲನೆಯ ದಿನ ಆ ಹಾಳೆ ನೋಡಿ ಅತ್ತುಬಿಟ್ಟೆ. ಎರಡನೆಯ ದಿನ ನನಗೆ ನಿದ್ದೆ ಬಂತು. ಹನ್ನೊಂದು ತಿಂಗಳ ಮೇಲೆ ಬೆಳಗಿನ ತನಕ ಮಲಗಿದೆ. ನಮ್ಮವ್ವ ಹೆದರಿ ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳಂತೆ.

ಅಣ್ಣ ಸುಮ್ಮನಿರಲಿಲ್ಲ. ಅತ್ತೆಯ ವರ್ಷದ ದಿನ ಎಲ್ಲರೂ ಖಾಸಿಂಸಾಬ ಕಾಕಾನ ಮನೆಯಲ್ಲಿ ಕೂಡಿದ್ದರು. ಅಲ್ಲಿಗೇ ನನ್ನನ್ನು ಕರೆದುಕೊಂಡು ಹೋದ. ಊಟ ಆದಮೇಲೆ ಎದ್ದು ನಿಂತು ಹಾಳೆ ಓದಿದ. ನೀವು ಬರೆದದ್ದನ್ನೂ ಓದಿದ. ನಮ್ಮ ಮನೆಯವರು ಮೂಲೆಯಲ್ಲಿ ಕುಳಿತಿದ್ದರು. ಕಾಕಾ ಕೇಳಿದರು, "ಇದು ಖರೆ ಐತೇನಪಾ?" ಅವರು "ಖರೆ ಐತಿ" ಎಂದರು, ಅಂದವರೇ ಅಳತೊಡಗಿದರು.

ನಾನು ಅಂದುಕೊಂಡಿದ್ದೆ, ಈಗ ಎಲ್ಲರೂ ಅವರ ಮೇಲೆ ಬೀಳುತ್ತಾರೆ ಎಂದು. ನನಗೆ ಬಿದ್ದದ್ದರಲ್ಲಿ ಅರ್ಧ ಆದರೂ ಬೀಳುತ್ತದೆ ಎಂದು. ಅಕ್ಕೋರೆ, ಯಾರೂ ಏನೂ ಅನ್ನಲಿಲ್ಲ. ಕಾಕಾ ಅವರ ಬೆನ್ನ ಮೇಲೆ ಕೈ ಆಡಿಸಿದರು. "ಆಯುಷ್ಯ ತೀರಿತ್ತಪಾ ಆಕಿದು. ನೀ ಬೆಕ್ಕು ಅನ್ಕೊಂಡಿ, ನಿಂದೇನ ತಪ್ಪೈತಿ? ಅಲ್ಲಾ ಬರದದ್ದು ಯಾರ ತಪ್ಪಸ್ತಾರ?" ಎಂದರು. ಒಬ್ಬರು ನೀರು ತಂದುಕೊಟ್ಟರು. ಇನ್ನೊಬ್ಬರು ಗಾಳಿ ಹಾಕಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಣ್ಣು ಕೊಟ್ಟು ಬಂದ ಸಂಜೆ ಅದೇ ಜನರ ಮುಂದೆ ನಾನು ನಿಂತಿದ್ದಾಗ ನನಗೆ ಯಾರೂ ನೀರು ಕೊಟ್ಟಿರಲಿಲ್ಲ. ಅದೇ ಸಾವು, ಅಕ್ಕೋರೆ. ನಾನು ಮಲಗಿದ್ದರೆ ನನ್ನ ತಪ್ಪು. ಅವರು ಎಚ್ಚರ ಇದ್ದರೆ ಅಲ್ಲಾಹನ ಇಚ್ಛೆ.

ಆಮೇಲೆ ಅವರು ನನ್ನ ಹತ್ತಿರ ಬಂದರು. "ಮನಿಗೆ ನಡಿ ಅಮೀರಾ" ಎಂದರು. ಹೋಗಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಹನ್ನೆರಡು ವರ್ಷದ ಸಂಸಾರ, ಆ ಮನೆಯಲ್ಲಿ ನನ್ನ ಕೈಯ ಒಲೆ ಇದೆ. ನಾನು ಒಂದೇ ಮಾತು ಕೇಳಿದೆ: "ಮೂರು ಹೊಡದಾಗ ಎಷ್ಟ ಆಗಿತ್ತು?"

"ಎಂಬತ್ತೆಂಟು" ಎಂದರು.

ಒಂದು ಚಣವೂ ತಡೆಯಲಿಲ್ಲ. ಅತ್ತೆಗೆ ಎಷ್ಟು ವಯಸ್ಸಾಗಿತ್ತು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಅವರಿಗೆ ನೆನಪಾಗಿರಲಿಲ್ಲ, ನಾನು ಹೇಳಿದ್ದೆ. ಎಪ್ಪತ್ತಮೂರು. ನಾನು ಚಪ್ಪಲಿ ಮೆಟ್ಟಿಕೊಂಡು ಅಣ್ಣನ ಜೊತೆ ಬಸ್ಸಿಗೆ ಬಂದೆ. ಇನ್ನು ಹೋಗುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಅಣ್ಣ ಹೇಳಿದ. ಸಿಟ್ಟು ಇದೆ. ಕೆಂಪು ಗೀಟಿಗಲ್ಲ. ಅದು ನಿಮಗೆ ಗೊತ್ತಿಲ್ಲದೆ ಆದದ್ದು. ಫೆಬ್ರವರಿಯಲ್ಲಿ ಬಂದ ಹಾಳೆಯನ್ನು ನವೆಂಬರಿನ ತನಕ ಟ್ರಂಕಿನಲ್ಲಿ ಇಟ್ಟುಕೊಂಡಿರಿ. ಅದು ಗೊತ್ತಿದ್ದು ಆದದ್ದು. ಆ ಒಂಬತ್ತು ತಿಂಗಳು ನಾನು ಗೋಡೆಗೆ ಒರಗಿ ಕುಳಿತಿದ್ದೆ.

ಆದರೂ ಕೊಟ್ಟಿರಿ. ಬೇರೆ ಯಾರೂ ಕೊಡುತ್ತಿರಲಿಲ್ಲ. ಈಗ ರಾತ್ರಿ ನಿದ್ದೆ ಮಾಡುತ್ತೇನೆ.

ಅಮೀರಾ


ಬೆಳ್ಳಟ್ಟಿ
15 ಡಿಸೆಂಬರ್ 2025

ಅಕ್ಕೋರಿಗೆ ಶಾನವಾಜನ ನಮಸ್ಕಾರಗಳು.

ಒಂದು ವರ್ಷದಿಂದ ನೀವು ಬರೆದಿಲ್ಲ, ನಾನೂ ಬರೆದಿಲ್ಲ. ನೀವು ಎಣಿಸುವುದನ್ನು ಬಿಟ್ಟಿದ್ದೀರಿ, ಗಾದಿಯನ್ನು ಗದಿಗೆವ್ವನಿಗೆ ಕೊಟ್ಟಿದ್ದೀರಿ ಎಂದು ಮುಂಡರಗಿಯಿಂದ ಹತ್ತಿ ಒಯ್ಯಲು ಬಂದವರು ಹೇಳಿದರು. ನಿಮಗೆ ಹಾಳೆ ಬೇಡವಾಗಿರಬಹುದು. ಆದರೂ ಕಳಿಸುತ್ತಿದ್ದೇನೆ. ಬೇರೆ ಯಾರಿಗೆ ಕಳಿಸಬೇಕೋ ತಿಳಿಯದು.

ಅಮೀರಾ ಬರಲಿಲ್ಲ. ಡಂಬಳಕ್ಕೆ ನಾಲ್ಕು ಸಲ ಹೋದೆ. ಮೂರು ಸಲ ಒಳಗೆ ಕರೆದು ಚಹಾ ಕೊಟ್ಟಳು. ನಾಲ್ಕನೆಯ ಸಲ, "ನೀವು ಬಂದ ದಿನ ನನಗ ರಾತ್ರಿ ನಿದ್ದಿ ಬರಂಗಿಲ್ಲ, ಬರಬ್ಯಾಡ್ರಿ" ಎಂದಳು. ಅದಾದ ಮೇಲೆ ಹೋಗಿಲ್ಲ. ಇಲ್ಲಿ ಓಣಿಯವರು ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ರೊಟ್ಟಿ ಕಳಿಸುತ್ತಾರೆ. ಯಾರಾದರೂ ಒಬ್ಬರು ಬೈದಿದ್ದರೆ ಚೆನ್ನಾಗಿತ್ತು. ನೀವಾದರೂ ಬೈಯಬಹುದು ಎಂದು ಕಾಯುತ್ತಿದ್ದೆ.

ಹೋದ ವರ್ಷ ಹುಣ್ಣಿಮೆ ಇತ್ತು, ಮೇಲೆ ಹೋಗದಿರಲು ನೆಪ ಸಿಕ್ಕಿತ್ತು. ಈ ಸಲ ನೆಪ ಇರಲಿಲ್ಲ. ಹದಿಮೂರರ ರಾತ್ರಿ ಹತ್ತಿದೆ. ಫ್ಯೂಜ್ ಕೀಳಲಿಲ್ಲ. ಪಡಸಾಲೆಯ ದೀಪ, ಬಚ್ಚಲ ದೀಪ, ಎಲ್ಲ ಹಚ್ಚಿಟ್ಟಿದ್ದೆ. ಬೆಳಕಿಂಡಿಯಿಂದ ಬೆಳಕು ಮಾಳಿಗೆಯ ಮೇಲೆ ಬೀಳುತ್ತಿತ್ತು. ದೊಡ್ಡ ಉಲ್ಕೆಗಳಷ್ಟೇ ಕಂಡವು. ನೀವಾಗಿದ್ದರೆ ಹಾಳೆಯನ್ನೇ ಹರಿದು ಒಗೆಯುತ್ತಿದ್ದಿರಿ.

ಎರಡರ ಸುಮಾರಿಗೆ ಮೂಡಲಲ್ಲಿ ಸೀಳು ಚಂದ್ರ ಎದ್ದಿದ್ದ. ಆಗ ಕೆಳಗೆ ಸಪ್ಪಳವಾಯಿತು. ಮನೆಯಲ್ಲಿ ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು, ಅಕ್ಕೋರೆ. ಎರಡು ವರ್ಷದಿಂದ ಆ ಮನೆಯಲ್ಲಿ ಬೀಳಲು ಯಾರೂ ಇಲ್ಲ. ಆದರೂ ಓಡಿದೆ. ನಿಚ್ಚಣಿಕೆಯ ಕೊನೆಯ ಎರಡು ಮೆಟ್ಟಿಲು ತಪ್ಪಿ ಮೊಣಕಾಲು ಕೆತ್ತಿತು. "ಅವ್ವಾ, ಬಂದೆ" ಎಂದು ಕೂಗಿದೆನಂತೆ. ಬಾಜೂ ಮನೆಯವರು ಬೆಳಿಗ್ಗೆ ಹೇಳಿದರು, ನನಗೆ ನೆನಪಿಲ್ಲ.

ಮತ್ತೆ ಮೇಲೆ ಹೋಗಲಿಲ್ಲ. ಒರಳುಕಲ್ಲಿನ ಹತ್ತಿರ ಕುಳಿತೆ. ಹಾಳೆ ಅಲ್ಲೇ ತುಂಬಿದೆ, ದೀಪದ ಬೆಳಕಿನಲ್ಲಿ, ಅದಕ್ಕೇ ಈ ಸಲ ಅಕ್ಷರ ನೆಟ್ಟಗಿವೆ. ಎದ್ದರೆ ಕಾರಣ ಬರೆಯಬೇಕೆಂದು ನೀವು ಕಲಿಸಿದ್ದಿರಿ, ಬರೆದಿದ್ದೇನೆ. ಕೆಂಪು ಗೀಟು ಎಳೆಯಬೇಕೆನ್ನಿಸಿದರೆ ಎಳೆಯಿರಿ.

ನಿಮ್ಮ ವಿದ್ಯಾರ್ಥಿ,
ಶಾನವಾಜ

ಹಾಳೆ: 13–14 ಡಿಸೆಂಬರ್ 2025. ಬೆಳ್ಳಟ್ಟಿ, ಮನೆಯ ಮಾಳಿಗೆ.

11ರಿಂದ 12: ಹದಿನಾಲ್ಕು. ವಿರಾಮ ಇಲ್ಲ.
12ರಿಂದ 1: ಹತ್ತೊಂಬತ್ತು. ವಿರಾಮ ಇಲ್ಲ.
1ರಿಂದ 2: ಇಪ್ಪತ್ತೆರಡು. ವಿರಾಮ ಇಲ್ಲ.
2ರಿಂದ 3: ಮೂರು. ವಿರಾಮ 2-09ರಿಂದ ಮುಂದೆ ಪೂರ್ತಿ. ಕಾರಣ: ಚರಿಗೆ ಬಿದ್ದ ಸಪ್ಪಳ. ಇಳಿದು ನೋಡಿದೆ. ಬೆಕ್ಕು.